ಉಳಿ ಯಾರ ಕೈಯಲ್ಲಿತ್ತು?

1863ರಲ್ಲಿ ಲಂಡನ್ನಿನ ಎರಡು ಪತ್ರಿಕೆಗಳು ಒಂದು ಆರೋಪವನ್ನು ಅಚ್ಚು ಹಾಕಿದವು. ಹಿಂದಿನ ವರ್ಷ ಅಲ್ಲಿನ ಅಂತರರಾಷ್ಟ್ರೀಯ ವಸ್ತುಪ್ರದರ್ಶನದಲ್ಲಿ ಜನ ನಿಂತು ನೋಡಿದ್ದ ‘ಜೆನೋಬಿಯಾ’ ಎಂಬ ಅಮೃತಶಿಲೆಯ ಶಿಲ್ಪ ಅಮೆರಿಕದ ಶಿಲ್ಪಿ ಹ್ಯಾರಿಯೆಟ್ ಹಾಸ್ಮರಳದಲ್ಲವಂತೆ. ರೋಮಿನ ಯಾರೋ ಇಟಾಲಿಯನ್ ಕೆಲಸಗಾರ ಅದನ್ನು ಮಾಡಿದನಂತೆ, ಹೆಸರು ಮಾತ್ರ ಅವಳದಂತೆ. ರೋಮಿನಲ್ಲಿದ್ದ ಕಲಾವಿದರ ಬಾಯಲ್ಲಿ ಆಗಲೇ ಓಡಾಡುತ್ತಿದ್ದ ಗಾಳಿಮಾತಿಗೆ ಈಗ ಕಾಗದದ ಬಲ ಬಂತು.

ಹಾಸ್ಮರ್ ಶಿಲ್ಪವಿದ್ಯೆಯನ್ನು ಸುಲಭವಾಗಿ ಪಡೆದವಳಲ್ಲ. ಬಾಸ್ಟನ್ ಬಳಿಯ ವಾಟರ್‌ಟೌನಿನಲ್ಲಿ 1830ರಲ್ಲಿ ಹುಟ್ಟಿದವಳು. ಮೂಳೆ ಎಲ್ಲಿ ತಿರುಗುತ್ತದೆ, ಸ್ನಾಯು ಎಲ್ಲಿ ಬಿಗಿಯುತ್ತದೆ ಎಂಬುದು ತಿಳಿಯದೆ ಮನುಷ್ಯನ ಆಕೃತಿಯನ್ನು ಮಣ್ಣಿನಲ್ಲಿ ನಿಲ್ಲಿಸಲಾಗದು. ಅದನ್ನು ಕಲಿಸುತ್ತಿದ್ದುದು ವೈದ್ಯಕೀಯ ಶಾಲೆಗಳು. ಬಾಸ್ಟನ್ನಿನಲ್ಲಿ ಹೆಣ್ಣುಮಕ್ಕಳಿಗೆ ಆ ಬಾಗಿಲು ಮುಚ್ಚಿತ್ತು. ಅವಳು ದೂರದ ಸೇಂಟ್ ಲೂಯಿಸ್‌ಗೆ ಹೋಗಿ ಡಾ. ಜೋಸೆಫ್ ಮೆಕ್‌ಡೊವೆಲ್ ಬಳಿ ಅಂಗರಚನಾಶಾಸ್ತ್ರ ಕಲಿತಳು. 1852ರಲ್ಲಿ ರೋಮಿಗೆ ಬಂದು, ಬ್ರಿಟಿಷ್ ಶಿಲ್ಪಿ ಜಾನ್ ಗಿಬ್ಸನ್‌ನ ಶಿಷ್ಯೆಯಾದಳು. ಜೆನೋಬಿಯಾ ರೋಮನ್ನರ ಕೈಗೆ ಸೆರೆಸಿಕ್ಕ ಪಾಲ್ಮೈರಾದ ರಾಣಿ. ಸಂಕೋಲೆ ತೊಟ್ಟು ಮೆರವಣಿಗೆಯಲ್ಲಿ ನಡೆಯುತ್ತಿದ್ದರೂ ಅವಳ ನಡಿಗೆಯಲ್ಲಿ ರಾಣಿತನ ಕುಂದಿಲ್ಲ. ಹಾಸ್ಮರ್ ಆ ಶಿಲ್ಪದಲ್ಲಿ ಹಿಡಿದದ್ದು ಅದನ್ನೇ.

ಆ ಆರೋಪಕ್ಕೆ ಉತ್ತರವಾಗಿ ಹಾಸ್ಮರ್ ಮಾನನಷ್ಟ ಮೊಕದ್ದಮೆಯ ಬೆದರಿಕೆ ಹಾಕಿ ಪತ್ರಿಕೆಗಳ ಬಾಯಿ ಕಟ್ಟಿದಳು. 1864ರ ಡಿಸೆಂಬರಿನಲ್ಲಿ ಅಮೆರಿಕದ ‘ಅಟ್ಲಾಂಟಿಕ್ ಮಂತ್ಲಿ’ಯಲ್ಲಿ ಶಿಲ್ಪ ಹೇಗೆ ತಯಾರಾಗುತ್ತದೆ ಎಂದು ಸಾಮಾನ್ಯರಿಗೆ ತಿಳಿಯುವಂತೆ ಒಂದು ಲೇಖನವನ್ನೇ ಬರೆದಳು. ಕಲಾವಿದ ಮೊದಲು ಜೇಡಿಮಣ್ಣಿನಲ್ಲಿ ಚಿಕ್ಕ ಮಾದರಿ ಮಾಡುತ್ತಾನೆ. ಕೆಲಸಗಾರರು ಅದನ್ನು ಅಳತೆ ಹಿಡಿದು, ಕಬ್ಬಿಣದ ಚೌಕಟ್ಟಿನ ಮೇಲೆ ದೊಡ್ಡದು ಮಾಡುತ್ತಾರೆ. ಆ ಮಣ್ಣನ್ನು ಕಲಾವಿದ ತನ್ನ ಕೈಯಿಂದ ತಿದ್ದಿ ಮುಗಿಸಿದ ಮೇಲೆ ಪ್ಲಾಸ್ಟರಿನ ಅಚ್ಚು ತೆಗೆಯುತ್ತಾರೆ. ಅಚ್ಚಿನಿಂದ ಚುಕ್ಕೆ ಚುಕ್ಕೆಯಾಗಿ ಅಳತೆ ಎತ್ತಿ ಕಲ್ಲಿಗೆ ಇಳಿಸುವುದು ಕೂಲಿಗೆ ದುಡಿಯುವ ನುರಿತ ಕಲ್ಲುಕುಟಿಗರ ಕೆಲಸ. ರೋಮಿನ ದೊಡ್ಡ ದೊಡ್ಡ ಶಿಲ್ಪಿಗಳೆಲ್ಲ ಹೀಗೇ ಮಾಡುತ್ತಿದ್ದರು. ಕನೋವಾ ಹೀಗೇ ಮಾಡಿದ್ದ, ಥೋರ್ವಾಲ್ಡ್‌ಸೆನ್ ಹೀಗೇ ಮಾಡಿದ್ದ. ಅವರ ಕಾರ್ಯಾಗಾರದಲ್ಲಿ ಎಷ್ಟು ಜನರಿದ್ದರೆ ಅವರು ಅಷ್ಟು ದೊಡ್ಡವರು. ಹೆಂಗಸಿನ ಕಾರ್ಯಾಗಾರದಲ್ಲಿ ಅದೇ ಜನರಿದ್ದರೆ ಅದು ಅವಳ ವಿರುದ್ಧ ಸಾಕ್ಷಿ. 1867ರ ಸುಮಾರಿಗೆ ತೆಗೆಸಿದ ಒಂದು ಛಾಯಾಚಿತ್ರವಿದೆ. ಅದರಲ್ಲಿ ಹಾಸ್ಮರ್ ತನ್ನ ಅಂಗಳದಲ್ಲಿ ಕೆಲಸಗಾರರನ್ನೆಲ್ಲ ಸಾಲಾಗಿ ನಿಲ್ಲಿಸಿ, ತಾನು ನಡುವೆ ನಿಂತಿದ್ದಾಳೆ. ಮುಚ್ಚಿಡಲು ಏನೂ ಇಲ್ಲ ಎಂದು ಇದಕ್ಕಿಂತ ನೇರವಾಗಿ ಹೇಳುವುದು ಕಷ್ಟ.

ಚಿತ್ರಕಲೆಯ ಇತಿಹಾಸದಲ್ಲೂ ಇಂಥ ಅನ್ಯಾಯ ನಡೆದಿದೆ. ಹಾಲೆಂಡಿನ ಜೂಡಿತ್ ಲೈಸ್ಟರಳ ಚಿತ್ರಗಳು ಪ್ರಸಿದ್ಧ ಚಿತ್ರಕಾರ ಫ್ರಾನ್ಸ್ ಹಾಲ್ಸ್‌ನ ಹೆಸರಿನಲ್ಲಿ ಮಾರಾಟವಾಗುತ್ತಿದ್ದವು. 1893ರಲ್ಲಿ ಅವಳ ಸಹಿ ಗುರುತು ಸಿಕ್ಕ ಮೇಲಷ್ಟೇ ಸತ್ಯ ಹೊರಬಿತ್ತು. ಆದರೆ ಶಿಲ್ಪದ ಮಾತೇ ಬೇರೆ. ಕಲ್ಲು ಭಾರದ್ದು, ದೂಳಿನದ್ದು, ತೋಳಿನ ಬಲ ಬೇಡುವಂಥದ್ದು. ಹೀಗಾಗಿ ಹೆಣ್ಣು ಶಿಲ್ಪಿ ಬದುಕಿ ಕೆಲಸ ಮಾಡುತ್ತಿರುವಾಗಲೇ, ಅವಳ ಕಣ್ಣೆದುರಿಗೇ, ‘ಇದನ್ನು ನಿಜಕ್ಕೂ ಇವಳೇ ಮಾಡಿದಳೇ?’ ಎಂದು ಕೇಳಿದರು. ಈ ಪ್ರಶ್ನೆಯನ್ನು ಒಬ್ಬೊಬ್ಬಳೂ ಹೇಗೆ ಎದುರಿಸಿದಳು ಎಂಬುದೇ ನನಗೆ ಅವರ ಕಲೆಯಷ್ಟೇ ಮುಖ್ಯವಾಗಿ ಕಾಣುತ್ತದೆ.

ಹಾಸ್ಮರಳಿಗಿಂತ ಮುನ್ನೂರು ವರ್ಷ ಹಿಂದೆ ಬೊಲೊನ್ಯಾದಲ್ಲಿ ಪ್ರೊಪೆರ್ಜಿಯಾ ದೆ ರೊಸ್ಸಿ ಎಂಬವಳಿದ್ದಳು. ಅವಳು ಹೆಸರು ಮಾಡಿದ್ದು ಪೀಚ್ ಹಣ್ಣಿನ ಬೀಜಗಳ ಮೇಲೆ ಸೂಕ್ಷ್ಮ ಆಕೃತಿಗಳನ್ನು ಕೆತ್ತಿ. ಬೀಜದಿಂದ ಅಮೃತಶಿಲೆಗೆ ಬಂದು, ಸ್ಯಾನ್ ಪೆಟ್ರೋನಿಯೊ ಚರ್ಚಿನ ಕೆಲಸದಲ್ಲಿ ಪಾಲು ಪಡೆದಳು. ಪೋತಿಫರನ ಹೆಂಡತಿಯ ಹಿಡಿತದಿಂದ ಜೋಸೆಫ್ ಕೊಸರಿಕೊಂಡು ಓಡುವ ಉಬ್ಬುಶಿಲ್ಪ ಅವಳದು. 1550ರಲ್ಲಿ ವಸಾರಿ ಕಲಾವಿದರ ಜೀವನಚರಿತ್ರೆಗಳನ್ನು ಪ್ರಕಟಿಸಿದಾಗ ಪ್ರತ್ಯೇಕ ಅಧ್ಯಾಯ ಸಿಕ್ಕ ಒಬ್ಬಳೇ ಹೆಂಗಸು ಇವಳು. ಆದರೆ ಆ ಉಬ್ಬುಶಿಲ್ಪದಲ್ಲಿ ಆಕೆ ತನ್ನದೇ ಕೈಗೂಡದ ಪ್ರೇಮವನ್ನು ಕೆತ್ತಿದಳೆಂದು ವಸಾರಿ ಬರೆದುಬಿಟ್ಟ. ಅಷ್ಟು ಒಳ್ಳೆಯ ಕೆಲಸವನ್ನು ಬುದ್ಧಿಯಿಂದ ಮಾಡಿದಳೆನ್ನಲು ಮನಸ್ಸು ಬಾರದೆ ಹೃದಯದ ನೋವಿಗೆ ಕಟ್ಟಿದಂತಿದೆ ಆ ಮಾತು. ಅಮಿಕೊ ಆಸ್ಪೆರ್ಟಿನಿ ಎಂಬ ಕಲಾವಿದ ಅವಳ ವಿರುದ್ಧ ಕಿವಿಯೂದಿ ಕೂಲಿ ಕಡಿಮೆ ಬರುವಂತೆ ಮಾಡಿದನೆಂದೂ ವಸಾರಿಯೇ ಬರೆಯುತ್ತಾನೆ. ಅವಳು 1530ರಲ್ಲಿ ತೀರಿಕೊಂಡಳು. ಚರ್ಚಿನ ಲೆಕ್ಕಪತ್ರಗಳಲ್ಲಿ ಅವಳಿಗೆ ಹಣ ಸಂದಾಯವಾದ ದಾಖಲೆ ಉಳಿದಿದೆ.

‘ಇವಳೇ ಮಾಡಿದಳೇ?’ ಎಂಬ ಪ್ರಶ್ನೆಗೆ ಅಮೆರಿಕದ ಶಿಲ್ಪಿ ಎಡ್ಮೋನಿಯಾ ಲೂಯಿಸ್ ಬೇರೆಯೇ ಉತ್ತರ ಕೊಟ್ಟಳು. 1844ರ ಸುಮಾರಿಗೆ ನ್ಯೂಯಾರ್ಕ್ ರಾಜ್ಯದಲ್ಲಿ ಹುಟ್ಟಿದವಳು. ಅವಳ ತಂದೆ ಆಫ್ರಿಕಾ ಮೂಲದವನು, ತಾಯಿಯದು ಅಮೆರಿಕದ ಮೂಲನಿವಾಸಿ ಒಜಿಬ್ವೆ ಜನರ ವಂಶ. ಓಬರ್ಲಿನ್ ಕಾಲೇಜಿನಲ್ಲಿ ಓದುತ್ತಿದ್ದಾಗ, 1862ರಲ್ಲಿ, ಜೊತೆಯ ಇಬ್ಬರು ಹುಡುಗಿಯರಿಗೆ ವಿಷ ಹಾಕಿದಳೆಂಬ ಆರೋಪ ಬಂತು. ವಿಚಾರಣೆ ಆಗುವ ಮೊದಲೇ ಜನ ಅವಳನ್ನು ಹೊತ್ತೊಯ್ದು ಹೊಡೆದು ಬಯಲಿನಲ್ಲಿ ಬಿಟ್ಟು ಹೋದರು. ಜಾನ್ ಮರ್ಸರ್ ಲ್ಯಾಂಗ್‌ಸ್ಟನ್ ಎಂಬ ಕಪ್ಪು ವರ್ಣದ ವಕೀಲ ವಾದಿಸಿ ಅವಳನ್ನು ಬಿಡಿಸಿದ. ಬಾಸ್ಟನ್ನಿಗೆ ಬಂದು ಶಿಲ್ಪ ಕಲಿತಳು. ಅಂತರ್ಯುದ್ಧದಲ್ಲಿ ಕಪ್ಪು ಸೈನಿಕರ ದಳವನ್ನು ಮುನ್ನಡೆಸಿ ಮಡಿದ ಕರ್ನಲ್ ರಾಬರ್ಟ್ ಗೌಲ್ಡ್ ಶಾನ ಎದೆಮಟ್ಟದ ಪ್ರತಿಮೆ ಮಾಡಿ, ಅದರ ಪ್ಲಾಸ್ಟರ್ ಪ್ರತಿಗಳನ್ನು ಮಾರಿದ ಹಣದಲ್ಲಿ 1865ರಲ್ಲಿ ಇಟಲಿಗೆ ಹಡಗು ಹತ್ತಿದಳು.

ರೋಮಿನಲ್ಲಿ ಹಾಸ್ಮರಳಿಗೆ ಆದದ್ದನ್ನು ಅವಳು ಬಲ್ಲಳು. ಅವಳ ಕೈಯಲ್ಲಿ ಹಣವೂ ಇರಲಿಲ್ಲ. ಹಾಗಾಗಿ ಬಹುಪಾಲು ಕಲ್ಲನ್ನು ತಾನೇ ಕೆತ್ತಿದಳು. ಬಿಳಿ ಹೆಂಗಸಿನ ಮೇಲೇ ಅಷ್ಟು ಅನುಮಾನ ಬಂದಿರುವಾಗ, ಕಪ್ಪು ಹೆಂಗಸಿನ ಬಳಿ ಒಬ್ಬ ಸಹಾಯಕ ಕಂಡರೂ ಸಾಕಾಗುತ್ತಿತ್ತು. 1867ರ ‘ಫಾರೆವರ್ ಫ್ರೀ’ಯಲ್ಲಿ ಗುಲಾಮಗಿರಿಯಿಂದ ಬಿಡುಗಡೆಯ ಸುದ್ದಿ ಕೇಳಿದ ಗಂಡು, ಹೆಣ್ಣು ಇದ್ದಾರೆ. ಅವನು ತುಂಡಾದ ಸರಪಳಿಯ ಕೈಯನ್ನು ಎತ್ತಿದ್ದಾನೆ, ಅವಳು ಮೊಣಕಾಲೂರಿ ಕೈಮುಗಿದಿದ್ದಾಳೆ.

1876ರಲ್ಲಿ ಅಮೆರಿಕ ತನ್ನ ಸ್ವಾತಂತ್ರ್ಯದ ನೂರನೆಯ ವರ್ಷವನ್ನು ಫಿಲಡೆಲ್ಫಿಯಾದಲ್ಲಿ ಆಚರಿಸಿದಾಗ ಲೂಯಿಸ್ ತಂದದ್ದು ‘ಕ್ಲಿಯೋಪಾತ್ರಳ ಸಾವು’. ಸುಮಾರು 1,400 ಕಿಲೊ ತೂಕದ ಅಮೃತಶಿಲೆ. ಆ ಕಾಲದ ಶಿಲ್ಪಿಗಳು ಸಾವಿನ ಯೋಚನೆಯಲ್ಲಿ ಮುಳುಗಿದ ಚೆಲುವೆ ಕ್ಲಿಯೋಪಾತ್ರಳನ್ನು ಕೆತ್ತುತ್ತಿದ್ದರು. ಲೂಯಿಸಳ ರಾಣಿ ಸತ್ತೇ ಹೋಗಿದ್ದಾಳೆ. ತಲೆ ಹಿಂದಕ್ಕೆ ವಾಲಿದೆ, ತೋಳು ಸಿಂಹಾಸನದಿಂದ ಜೋತುಬಿದ್ದಿದೆ. ನೋಡಿದವರು ಬೆಚ್ಚಿದರು, ಹೊಗಳಿದರು, ಕೊಳ್ಳಲಿಲ್ಲ. ಮುಂದೆ ಶಿಕಾಗೋದಲ್ಲಿ ಪ್ರದರ್ಶನವಾಯಿತು, ಆಮೇಲೆ ಒಂದು ಮದ್ಯದಂಗಡಿ ಸೇರಿತು. ಅಲ್ಲಿಂದ ಕುದುರೆ ಜೂಜಿನ ಮೈದಾನದ ಒಡೆಯನೊಬ್ಬ ಅದನ್ನು ಕೊಂಡ. ಕ್ಲಿಯೋಪಾತ್ರ ಎಂಬ ಹೆಸರಿನ ಅವನ ಕುದುರೆ ಸತ್ತಿತ್ತು. ಅದರ ಗೋರಿಯ ಮೇಲೆ ಶಿಲ್ಪವನ್ನು ನಿಲ್ಲಿಸಿದ. ಮೈದಾನ ಗಾಲ್ಫ್ ಅಂಗಳವಾಯಿತು, ಮುಂದೆ ಅಂಚೆ ಇಲಾಖೆಯ ಕಟ್ಟಡ ಎದ್ದಿತು. ಶಿಲ್ಪ ಗುತ್ತಿಗೆದಾರರ ದಾಸ್ತಾನು ಅಂಗಳ ಸೇರಿತು. ಮಳೆ ಹಿಮಗಳಲ್ಲಿ ಸವೆದಿದ್ದ ಅದಕ್ಕೆ ಸ್ಕೌಟ್ ಹುಡುಗರು ಒಳ್ಳೆಯ ಮನಸ್ಸಿನಿಂದಲೇ ಬಣ್ಣ ಬಳಿದರು. 1994ರಲ್ಲಿ ಸ್ಮಿತ್‌ಸೋನಿಯನ್ ಸಂಸ್ಥೆಯ ಅಮೆರಿಕನ್ ಕಲಾ ಸಂಗ್ರಹಾಲಯ ಅದನ್ನು ಪಡೆಯಿತು. ಲೂಯಿಸ್ 1907ರಲ್ಲೇ ಲಂಡನ್ನಿನಲ್ಲಿ ತೀರಿಕೊಂಡಿದ್ದಳು.

ಫ್ರೆಂಚ್ ಶಿಲ್ಪಿ ಕಮೀಲ್ ಕ್ಲೋದೆಲಳ ಕಥೆ ಚಲನಚಿತ್ರಗಳಿಂದಾಗಿ ಹೆಚ್ಚು ಜನರಿಗೆ ಗೊತ್ತು. ಆದರೆ ಗೊತ್ತಿರುವುದು ತನ್ನ ಗುರು, ಶಿಲ್ಪಿ ಅಗಸ್ಟ್ ರೋಡಿನ್‌ನ ಪ್ರೇಯಸಿಯಾಗಿ, ಹುಚ್ಚಾಸ್ಪತ್ರೆಯ ದುರಂತವಾಗಿ. ನಮಗೆ ಹತ್ತಿರವಾಗಬೇಕಾದ ಅವಳ ಕೆಲಸದ ಮಾತು ಅಪರೂಪ. ಅವಳ ಮೊದಲ ದೊಡ್ಡ ಶಿಲ್ಪದ ಹೆಸರು ‘ಶಕುಂತಲಾ’. ಹೌದು, ಕಾಳಿದಾಸನ ಶಕುಂತಲೆ. ನಮ್ಮಲ್ಲಿ ಬಸವಪ್ಪ ಶಾಸ್ತ್ರಿಗಳು ಶಾಕುಂತಲವನ್ನು ಕನ್ನಡ ರಂಗಭೂಮಿಗೆ ತಂದ ಅದೇ ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ, ಪ್ಯಾರಿಸ್ಸಿನ ಇಪ್ಪತ್ತೆರಡರ ಹುಡುಗಿ ಅದರ ಏಳನೆಯ ಅಂಕವನ್ನು ಜೇಡಿಮಣ್ಣಿಗೆ ತಂದಳು. ಮಾರೀಚನ ಆಶ್ರಮದಲ್ಲಿ ದುಷ್ಯಂತ ಶಕುಂತಲೆಯ ಕಾಲಿಗೆರಗುವ ಗಳಿಗೆ ಅದು.

1886ರಲ್ಲಿ ಶುರುವಾದ ಆ ಶಿಲ್ಪದ ಪ್ಲಾಸ್ಟರ್ ರೂಪಕ್ಕೆ 1888ರ ಸಲೋನ್ ಪ್ರದರ್ಶನದಲ್ಲಿ ಪ್ರಶಂಸೆ ದೊರೆಯಿತು. ದುಷ್ಯಂತ ಮೊಣಕಾಲೂರಿ, ಮುಖ ಮೇಲೆತ್ತಿ, ಅವಳನ್ನು ಬಳಸಿದ್ದಾನೆ. ಶಕುಂತಲೆ ನೆಟ್ಟಗೆ ನಿಂತು ಕ್ಷಮೆ ದಯಪಾಲಿಸುತ್ತಿಲ್ಲ. ಅವಳ ಮೈಯೆಲ್ಲ ಸೋತು ಅವನತ್ತ ಬಾಗಿದೆ, ಕೆನ್ನೆ ಅವನ ತಲೆಗೆ ತಾಗಿದೆ, ಒಂದು ಕೈ ತನ್ನ ಎದೆಯ ಮೇಲಿದೆ. ಎಷ್ಟು ಕಾಲದ ದುಃಖ ಇಳಿದರೆ ಒಂದು ದೇಹ ಹಾಗೆ ಬಾಗೀತು! ಸ್ವಲ್ಪ ಸಮಯದ ಬಳಿಕ ರೋಡಿನ್ ಮಾಡಿದ ‘ಶಾಶ್ವತ ಮೂರ್ತಿ’ಯಲ್ಲೂ ಗಂಡು ಹೆಣ್ಣಿನ ಮುಂದೆ ಮೊಣಕಾಲೂರಿದ್ದಾನೆ. ಅಲ್ಲಿ ಹೆಣ್ಣು ಪೂಜೆ ಸ್ವೀಕರಿಸುವ ವಿಗ್ರಹ. ಇಲ್ಲಿ ಅವಳೂ ಅನುಭವಿಸುತ್ತಿದ್ದಾಳೆ. ನನಗೆ ಕ್ಲೋದೆಲಳ ಕೆಲಸವೇ ಹೆಚ್ಚು ಆಳದ್ದೆನಿಸುತ್ತದೆ. ಆದರೂ ವಿಮರ್ಶಕರು ಅವಳ ಕೃತಿಗಳಲ್ಲಿ ಗುರುವಿನ ನೆರಳನ್ನೇ ಹುಡುಕಿದರು. ಗುರುವಿನ ಕಾರ್ಯಾಗಾರದಲ್ಲಿ ಅವಳು ಅವನ ಶಿಲ್ಪಗಳ ಕೈಕಾಲುಗಳನ್ನು ರೂಪಿಸುತ್ತಿದ್ದಳು. ಅವನ ಅಮೃತಶಿಲೆಗಳನ್ನು ಕೂಲಿಯ ಕಲ್ಲುಕುಟಿಗರು ಕೆತ್ತುತ್ತಿದ್ದರು. ಅವೆಲ್ಲ ರೋಡಿನ್‌ನ ಕೃತಿಗಳೇ ಆಗಿ ಉಳಿದವು.

ಶಕುಂತಲೆಯನ್ನು ಯಾರು ಮಾಡಿದರೆಂಬುದಕ್ಕೆ 1887ರ ಒಂದು ಛಾಯಾಚಿತ್ರವೇ ಸಾಕ್ಷಿ. ಹಿಂದೆ ಗೆಳತಿ ಜೆಸ್ಸಿ ಲಿಪ್ಸ್‌ಕೂಂಬ್ ಇದ್ದಾಳೆ. ಮುಂದೆ ಕಮೀಲ್, ಆ ದೊಡ್ಡ ಆಕೃತಿಗಳ ಪಕ್ಕದಲ್ಲಿ ಕೆಲಸದಲ್ಲಿದ್ದಾಳೆ. ನಂತರ ಅವಳು ಓನಿಕ್ಸಿನಂಥ ಗಡುಸು ಕಲ್ಲಿನಲ್ಲಿ ಹರಟೆ ಹೊಡೆಯುವ ನಾಲ್ವರು ಹೆಂಗಸರ ಪುಟ್ಟ ಶಿಲ್ಪ ಮಾಡಿದಳು. ಆ ಕಲ್ಲು ತಪ್ಪನ್ನು ಕ್ಷಮಿಸುವುದಿಲ್ಲ. 1913ರ ಮಾರ್ಚಿನಲ್ಲಿ, ತಂದೆ ಸತ್ತ ಕೆಲವೇ ದಿನಗಳಿಗೆ, ಮನೆಯವರು ಅವಳನ್ನು ಆಸ್ಪತ್ರೆಗೆ ಸೇರಿಸಿದರು. ಬಿಡುಗಡೆ ಮಾಡಬಹುದೆಂದು ವೈದ್ಯರು ಸೂಚಿಸಿದಾಗಲೂ ತಾಯಿ ಒಪ್ಪಲಿಲ್ಲ. 1943ರಲ್ಲಿ ಸಾಯುವವರೆಗೆ ಮೂವತ್ತು ವರ್ಷ ಅವಳು ಮಾನಸಿಕ ಆಸ್ಪತ್ರೆಗಳಲ್ಲೇ ಇದ್ದಳು. ಮತ್ತೆ ಶಿಲ್ಪ ಮಾಡಲಿಲ್ಲ. ನೋಜಾನ್-ಸುರ್-ಸೇನ್ ಊರಿನಲ್ಲಿ ಅವಳ ಹೆಸರಿನ ಸಂಗ್ರಹಾಲಯ ತೆರೆದದ್ದು 2017ರಲ್ಲಿ.

ಕೂಲಿಕಾರನ ಕೈಯೆಂದರೆ ಕೀಳು, ಕಲಾವಿದನ ಕೈಯೆಂದರೆ ಮೇಲು ಎಂಬ ಲೆಕ್ಕವನ್ನೇ ಒಪ್ಪದವರು ಕೋಲ್ಕತ್ತದ ಶಿಲ್ಪಿ ಮೀರಾ ಮುಖರ್ಜಿ (1923–1998). 1950ರ ದಶಕದಲ್ಲಿ ಮ್ಯೂನಿಕ್‌ನಲ್ಲಿ ಕಲಿತು ಬಂದ ಅವರು ಬಸ್ತರಿನ ಎರಕದ ಕುಶಲಕರ್ಮಿಗಳ ಬಳಿ ಹೋಗಿ ಕೂತರು. ಮಣ್ಣಿನ ತಿರುಳಿನ ಮೇಲೆ ಮೇಣದ ಎಳೆಗಳನ್ನು ಸುತ್ತಿ, ಮತ್ತೆ ಮಣ್ಣು ಮೆತ್ತಿ, ಬೆಂಕಿಯಲ್ಲಿ ಮೇಣವನ್ನು ಕರಗಿಸಿ ಹರಿಸಿ, ಆ ಜಾಗಕ್ಕೆ ಲೋಹ ಎರೆಯುವ ವಿದ್ಯೆ ಅದು. ಬಸ್ತರಿನವರು ಅಂಗೈಯಗಲದ ದೇವರು, ಪ್ರಾಣಿಗಳಿಗೆ ಬಳಸುತ್ತಿದ್ದುದನ್ನು ಮೀರಾ ಆಳೆತ್ತರ ಮೀರಿದ ಕಂಚಿಗೆ ಒಗ್ಗಿಸಿದರು. ದೆಹಲಿಯ ಮೌರ್ಯ ಹೋಟೆಲಿನ ಬಳಿ ಇರುವ ‘ಕಳಿಂಗದಲ್ಲಿ ಅಶೋಕ’ ಅಂಥದ್ದು. ದೇಶದ ಲೋಹಶಿಲ್ಪಿಗಳ ಕುರಿತು 1978ರಲ್ಲಿ ಪುಸ್ತಕ ಬರೆದು, ತಾವು ಯಾರಿಂದ ಕಲಿತೆವೆಂಬುದನ್ನು ದಾಖಲಿಸಿದರು.

ನಮ್ಮ ಕನಕಾ ಮೂರ್ತಿ ಹುಟ್ಟಿದ್ದು 1942ರಲ್ಲಿ, ತಿ. ನರಸೀಪುರದಲ್ಲಿ. ಅದೇ ತಾಲ್ಲೂಕಿನ ಸೋಮನಾಥಪುರದಲ್ಲಿ ಹೊಯ್ಸಳ ಶಿಲ್ಪಿಗಳು ತಮ್ಮ ಮೂರ್ತಿಗಳ ಕೆಳಗೆ ಹೆಸರು ಕೊರೆದಿಟ್ಟಿದ್ದಾರೆ; ಮಲ್ಲಿತಮ್ಮನ ಹೆಸರು ಅಲ್ಲಿ ಮತ್ತೆ ಮತ್ತೆ ಬರುತ್ತದೆ. ನಾವು ಶಾಲೆಯಿಂದ ಕೇಳುತ್ತಾ ಬಂದ ಜಕಣಾಚಾರಿ, ದಾಸೋಜ, ಮಲ್ಲಿತಮ್ಮರೆಲ್ಲ ಗಂಡಸರು. ಇಂಥ ನಾಡಿನಲ್ಲಿ ಕನಕಾ ಬೆಂಗಳೂರಿಗೆ ಬಂದು ಅ.ನ. ಸುಬ್ಬರಾಯರ ಕಲಾಮಂದಿರ ಸೇರಿದರು. ಆಮೇಲೆ ಶಿಲ್ಪಿ ದೇವಲಕುಂದ ವಾದಿರಾಜರ ಶಿಷ್ಯೆಯಾಗಿ ಚಾಣ, ಸುತ್ತಿಗೆ ಹಿಡಿದರು. ಕಲ್ಲಿನ ಕೆಲಸ ಹೆಂಗಸಿಗೆ ಹೇಳಿದ್ದಲ್ಲ ಎಂಬ ಮಾತನ್ನು ಅವರು ಕೇಳಿಯೇ ಮುಂದುವರಿದರು. ಕಲಿಕೆ ದಶಕಗಳ ಕಾಲ ನಡೆಯಿತು.

ಸಾಂಪ್ರದಾಯಿಕ ಲಕ್ಷಣಗಳಿಗೆ ಕಟ್ಟುಬಿದ್ದ ದೇವತಾಮೂರ್ತಿಗಳನ್ನೂ ನಮ್ಮ ಕಾಲದ ಮನುಷ್ಯರ ಮುಖಗಳನ್ನೂ ಅವರು ಅಷ್ಟೇ ಹಿಡಿತದಿಂದ ಮಾಡಿದರು. ಗಂಗೂಬಾಯಿ ಹಾನಗಲ್, ಭೀಮಸೇನ ಜೋಶಿಯವರಂಥ ಸಂಗೀತಗಾರರ ಎದೆಮಟ್ಟದ ಪ್ರತಿಮೆಗಳು ಅವರ ಕೈಯಲ್ಲಿ ಮೂಡಿದವು. ಬೆಂಗಳೂರಿನ ವಿಶ್ವೇಶ್ವರಯ್ಯ ವಸ್ತುಸಂಗ್ರಹಾಲಯದ ರೈಟ್ ಸಹೋದರರು ಅವರ ಕೃತಿ. ಲಾಲ್‌ಬಾಗ್ ಪಶ್ಚಿಮ ದ್ವಾರದ ಕುವೆಂಪು ಕೂಡ. ಒಟ್ಟು 200ಕ್ಕೂ ಹೆಚ್ಚು ಶಿಲ್ಪಗಳು. ರಾಜ್ಯದ ಜಕಣಾಚಾರಿ ಪ್ರಶಸ್ತಿ ಪಡೆದ ಮೊದಲ ಮಹಿಳೆ ಅವರು. 2021ರ ಮೇ ತಿಂಗಳಲ್ಲಿ ಕೋವಿಡ್ ಅವರನ್ನು ಕೊಂಡೊಯ್ದಿತು. ಊರೆಲ್ಲ ಸಾವಿನ ಸುದ್ದಿಗಳಿಂದ ಕಂಗೆಟ್ಟಿದ್ದ ಆ ದಿನಗಳಲ್ಲಿ ಅವರಿಗೆ ಸಲ್ಲಬೇಕಾದಷ್ಟು ವಿದಾಯವೂ ಸಲ್ಲಲಿಲ್ಲ.

ಬೊಲೊನ್ಯಾದಲ್ಲಿ ಚರ್ಚಿನ ಲೆಕ್ಕದ ಪುಸ್ತಕ ಉಳಿಯಿತು, ಪ್ಯಾರಿಸ್ಸಿನಲ್ಲಿ ಒಂದು ಛಾಯಾಚಿತ್ರ ಉಳಿಯಿತು. ಕನಕಾ ಮೂರ್ತಿಯವರ ವಿಷಯದಲ್ಲಿ ನಾವು ಹಾಗೆ ಅದೃಷ್ಟವನ್ನು ನಂಬಿ ಕೂರಬೇಕಿಲ್ಲ. ಅವರನ್ನು ಕಂಡವರು, ಅವರಿಂದ ಶಿಲ್ಪ ಮಾಡಿಸಿಕೊಂಡವರು ನಮ್ಮ ನಡುವೆಯೇ ಇದ್ದಾರೆ. ಯಾವ ಶಿಲ್ಪ ಯಾವ ಊರಿನಲ್ಲಿದೆ, ಯಾವ ಕಲ್ಲಿನದು, ಯಾವ ವರ್ಷದ್ದು ಎಂದು ಬರೆದಿಡುವ ಕೆಲಸವನ್ನು ಕರ್ನಾಟಕದ ಶಿಲ್ಪಕಲಾ ಅಕಾಡೆಮಿ, ಕಲಾಶಾಲೆಗಳ ವಿದ್ಯಾರ್ಥಿಗಳು ಸೇರಿ ಈಗಲೇ ಮಾಡಬಹುದು. ಸಾರ್ವಜನಿಕ ಸ್ಥಳದಲ್ಲಿರುವ ಅವರ ಪ್ರತಿಯೊಂದು ಕೃತಿಯ ಪೀಠದ ಮೇಲೂ ಪ್ರತಿಮೆಯಲ್ಲಿರುವವರ ಹೆಸರಿನಷ್ಟೇ ಸ್ಪಷ್ಟವಾಗಿ ಶಿಲ್ಪಿಯ ಹೆಸರೂ ಇರಬೇಕು.