ಕಾವಲು ಗಡಿಯಾರದ ಸಾಕ್ಷಿ

ರಾತ್ರಿಯಿಡೀ ಕೋಣೆಯ ಉಷ್ಣತೆಯನ್ನು ದಾಖಲಿಸಲೆಂದು ಪುಟ್ಟ ಗಣಕವೊಂದನ್ನು ಪ್ರಯೋಗಶಾಲೆಯಲ್ಲಿ ಇರಿಸಿದ್ದೇವೆಂದು ಭಾವಿಸೋಣ. ಬೆಳಗ್ಗೆ ಬಂದು ನೋಡಿದರೆ ಎಣಿಕೆಯು ನಡುವೆ ಎಲ್ಲಿಯೋ ಕಡಿದು ಮತ್ತೆ ಸೊನ್ನೆಯಿಂದ ಆರಂಭವಾಗಿದೆ. ವಿದ್ಯುತ್ತು ಹೋಗಿ ಬಂದಿತೆ? ಇಲ್ಲವೆ ನಾವು ಬರೆದ ಪ್ರೋಗ್ರಾಮೇ ಸ್ತಬ್ಧವಾಗಿ, ಗಣಕವು ಹೊಸದಾಗಿ ಚಾಲನೆಗೊಂಡಿತೆ? ಮೊದಲನೆಯದಾದರೆ ಬ್ಯಾಟರಿಯೊಂದನ್ನು ಜೋಡಿಸಿದರಾಯಿತು. ಎರಡನೆಯದಾದರೆ ಬ್ಯಾಟರಿಯಿಂದ ಪ್ರಯೋಜನವಿಲ್ಲ. ದೋಷವು ನಾಳೆಯೂ ಮರುಕಳಿಸುವುದು.

ಬಾವಿಯ ಹೂಳೆತ್ತಲು ಇಳಿದವನು ಆಗಾಗ ಹಗ್ಗವನ್ನು ಅಲುಗಿಸಬೇಕೆಂಬ ಕರಾರು ಇದೆಯೆನ್ನಿ. ಹಗ್ಗ ಅಲುಗದಿದ್ದರೆ ಮೇಲಿನವರು ಕಾರಣ ಕೇಳುತ್ತ ಕೂರದೆ ಅವನನ್ನು ಮೇಲಕ್ಕೆಳೆಯುತ್ತಾರೆ. ಗಣಕದೊಳಗಿನ ‘ವಾಚ್‌ಡಾಗ್ ಟೈಮರ್’, ಅರ್ಥಾತ್ ಕಾವಲು ಗಡಿಯಾರದ ಕೆಲಸವೂ ಇದೇ. ಪ್ರೋಗ್ರಾಮು ಗಡುವಿನೊಳಗೆ ಅದನ್ನು ಮತ್ತೆ ಮತ್ತೆ ಮೊದಲಿಗೆ ತಿರುಗಿಸುತ್ತಿರಬೇಕು. ತಪ್ಪಿದರೆ ಗಣಕವು ಪುನಃ ಚಾಲನೆಗೊಳ್ಳುತ್ತದೆ. ಆರ್ಡುಯಿನೊ ಊನೊ ಫಲಕದಲ್ಲಿರುವ ಎಟಿಮೆಗಾ 328ಪಿ ಚಿಪ್ಪಿನಲ್ಲಿ ಈ ಗಡುವನ್ನು ಸುಮಾರು 16 ಮಿಲಿಸೆಕೆಂಡಿನಿಂದ 8 ಸೆಕೆಂಡಿನವರೆಗೆ ಆಯ್ದುಕೊಳ್ಳಬಹುದು. ಸುಮಾರು 128 ಕಿಲೋಹರ್ಟ್ಸ್‌ನ ಪ್ರತ್ಯೇಕ ಆಂದೋಲಕದಿಂದ ನಡೆಯುವುದರಿಂದ, ಪ್ರೋಗ್ರಾಮು ನಿಂತರೂ ಇದು ನಿಲ್ಲದು.

ಹಾಗಾದರೆ ಮರುಚಾಲನೆಯ ಕಾರಣವನ್ನು ತಿಳಿಯುವುದು ಹೇಗೆ? ಇದೇ ಚಿಪ್ಪಿನ ಎಂಸಿಯುಎಸ್‌ಆರ್ ಎಂಬ ರೆಜಿಸ್ಟರಿನಲ್ಲಿ ಇದಕ್ಕಾಗಿಯೇ ನಾಲ್ಕು ಬಿಟ್‌ಗಳಿವೆ. ಹೊಸದಾಗಿ ವಿದ್ಯುತ್ತು ಬಂದುದನ್ನು ಸೂಚಿಸುವ ಬಿಟ್‌ನ ಬೆಲೆ 1, ರಿಸೆಟ್ ಗುಂಡಿ ಒತ್ತಿದುದರದು 2, ವೋಲ್ಟೇಜು ಕುಸಿದುದರದು 4, ಕಾವಲು ಗಡಿಯಾರದ ಗಡುವು ಮೀರಿದುದರದು 8. ಎಂಟರ ಬಿಟ್ ಎದ್ದು ನಿಂತಿದ್ದರೆ ನಮ್ಮ ಪ್ರಶ್ನೆಗೆ ಉತ್ತರ ದೊರೆತಂತೆಯೇ.

ಆದರೆ ಎರಡು ಎಚ್ಚರಿಕೆಗಳು ಅಗತ್ಯ. ಓದಿದ ಕೂಡಲೇ ಆ ಗುರುತನ್ನು ಬೇರೆಡೆ ಬರೆದಿಟ್ಟುಕೊಂಡು ಅಳಿಸಬೇಕು. ಅಳಿಸದಿದ್ದರೆ, ಮುಂದೆ ಗುಂಡಿ ಒತ್ತಿ ಚಾಲನೆ ಮಾಡಿದಾಗಲೂ ಹಳೆಯ ಗುರುತು ಉಳಿದು ನಮ್ಮನ್ನು ದಾರಿತಪ್ಪಿಸುವುದು. ಎರಡನೆಯದಾಗಿ, ನಮ್ಮ ಪ್ರೋಗ್ರಾಮಿಗಿಂತ ಮೊದಲು ಓಡುವ ಬೂಟ್‌ಲೋಡರ್ ತಾನೇ ಇದನ್ನು ಅಳಿಸಿಬಿಟ್ಟಿರಬಹುದು.

ದೊಡ್ಡ ಗಣಕಗಳಲ್ಲಿಯೂ ತತ್ತ್ವ ಇದೇ. ಲಿನಕ್ಸ್‌ನಲ್ಲಿ ವಾಚ್‌ಡಾಗ್ ವಿಭಾಗದ ‘ಬೂಟ್‌ಸ್ಟೇಟಸ್’ ಎಂಬ ಕಡತದ ಸಂಖ್ಯೆಯಲ್ಲಿ 32ರ ಬಿಟ್ ಇದ್ದರೆ, ಹಿಂದಿನ ಮರುಚಾಲನೆ ಕಾವಲು ಗಡಿಯಾರದಿಂದ ಆದುದು. ಅಲ್ಲಿ ಸೊನ್ನೆ ಕಂಡಿತೆಂದು ಮಾತ್ರ ಗಡಿಯಾರವು ನಿರಪರಾಧಿಯೆಂದು ತೀರ್ಮಾನಿಸಲಾಗದು. ಕೆಲವು ಯಂತ್ರಗಳು ಈ ಗುರುತನ್ನು ಉಳಿಸುವುದೇ ಇಲ್ಲ. ದಿನಚರಿ ಕಡತವೊಂದನ್ನೇ ನಂಬುವಂತೆಯೂ ಇಲ್ಲ. ವಿದ್ಯುತ್ತು ಹೋದರೂ, ಗಡುವು ಮೀರಿದರೂ ಅದು ಒಂದೇ ರೀತಿಯಲ್ಲಿ ಥಟ್ಟನೆ ಕಡಿದುಹೋಗುತ್ತದೆ.

ಕೊನೆಯದಾಗಿ ಒಂದು ಮಾತು. ಹಗ್ಗ ಅಲುಗಲಿಲ್ಲವೆಂಬುದನ್ನಷ್ಟೇ ಗುರುತು ಹೇಳುತ್ತದೆ. ಏಕೆ ಅಲುಗಲಿಲ್ಲ ಎಂಬುದನ್ನಲ್ಲ. ಅದನ್ನು ಹುಡುಕಬೇಕಾದವರು ನಾವು. ಆದರೆ ಬಾವಿಯಲ್ಲಿ ಹುಡುಕಬೇಕೋ ಹೊರಗೆ ಹುಡುಕಬೇಕೋ ಎಂಬುದು ತಿಳಿದರೆ ಅರ್ಧ ಕೆಲಸ ಮುಗಿದಂತೆ.