ನಾಯಿ ತನ್ನ ಕೂದಲನ್ನು ತಾನೇ ಕಿತ್ತುಕೊಂಡರೆ

ತೋಟದ ಕಾವಲಿಗೆ, ಕುರಿಮಂದೆಯ ರಕ್ಷಣೆಗೆ ನಾಯಿ ಬೇಕೇ ಬೇಕು. ಇಂಥ ನಾಯಿ ಹಗಲಿರುಳು ಮೈ ಕಚ್ಚಿ ಕೂದಲು ಕೀಳತೊಡಗಿದರೆ, ಕೆಲವರು ಬೆಳೆಗೆ ತಂದ ಕೀಟನಾಶಕವನ್ನೇ ಅದರ ಮೈಗೆ ಹಚ್ಚುವುದುಂಟು. ತುರಿಕೆ ಹೋಗುವ ಮೊದಲು ನಾಯಿಯೇ ಹೋಗಬಹುದು. ಕೂದಲು ಕೀಳುವುದು ರೋಗವಲ್ಲ, ಲಕ್ಷಣ ಮಾತ್ರ. ಎಲೆ ಹಳದಿಯಾದುದಕ್ಕೆಲ್ಲ ಯೂರಿಯಾ ಮದ್ದಲ್ಲವಷ್ಟೆ. ಇಲ್ಲಿಯೂ ಮೊದಲು ಕಾರಣ ತಿಳಿಯಬೇಕು.

ಕೀಳುವ ಜಾಗವೇ ಸುಳಿವು

ಸೊಂಟ, ಬಾಲದ ಬುಡ, ಹಿಂದೊಡೆಗಳನ್ನು ಕಚ್ಚಿಕೊಂಡರೆ ಬಹುಪಾಲು ಚಿಗಟದ ಕಾಟ. ಕೆಲವು ನಾಯಿಗಳಿಗೆ ಚಿಗಟದ ಜೊಲ್ಲು ಒಗ್ಗದು. ಒಂದೆರಡು ಕಡಿದರೂ ದಿನಗಟ್ಟಲೆ ತುರಿಕೆ ಬಿಡದು. ಕಿವಿಯಂಚು, ಮೊಣಕೈಗಳಲ್ಲಿ ಕೂದಲುದುರಿ ಹೊಪ್ಪಳೆ ಕಟ್ಟಿದ್ದರೆ ಕಜ್ಜಿ ನುಸಿ ಇರಬಹುದು. ಇದು ಮುಟ್ಟಿದವರಿಗೂ ತುರಿಕೆ ತರುತ್ತದೆ. ಪಾದ, ಕಿವಿಗಳನ್ನು ವರ್ಷವಿಡೀ ಕೆರೆದುಕೊಳ್ಳುತ್ತಿದ್ದರೆ ಯಾವುದೋ ಆಹಾರ ಒಗ್ಗದಿರಬಹುದು. ಒಂದೇ ಕೀಲನ್ನು ನೆಕ್ಕುತ್ತಿದ್ದರೆ ಅಲ್ಲಿ ನೋವಿದೆಯೇ ನೋಡಿರಿ. ಸದಾ ಸರಪಳಿಯಲ್ಲಿರುವ ನಾಯಿ ಬೇಸರದಿಂದಲೂ ಮುಂಗಾಲು ನೆಕ್ಕಿ ಹುಣ್ಣು ಮಾಡಿಕೊಳ್ಳುತ್ತದೆ.

ಸುಲಭ ಪರೀಕ್ಷೆ

ನಾಯಿಯ ಮೈ ಬಾಚಿ, ಉದುರಿದ ಕರಿಯ ಕಣಗಳನ್ನು ಒದ್ದೆಯಾದ ಬಿಳಿ ಬಟ್ಟೆಯ ಮೇಲೆ ಹಾಕಿರಿ. ಸುತ್ತಲೂ ರಕ್ತದ ಬಣ್ಣ ಹರಡಿದರೆ ಅದು ಚಿಗಟದ ಹಿಕ್ಕೆ. ಕಣ ಸಿಗದ ಮಾತ್ರಕ್ಕೆ ಚಿಗಟವಿಲ್ಲವೆನ್ನುವಂತಿಲ್ಲ. ನಾಯಿ ಕಚ್ಚಿ ನುಂಗಿರಲೂಬಹುದು.

ಹತೋಟಿ ಕ್ರಮಗಳು

ಹೆಣ್ಣು ಚಿಗಟ ದಿನಕ್ಕೆ 40ರಿಂದ 50 ಮೊಟ್ಟೆಗಳವರೆಗೆ ಇಡಬಲ್ಲದು. ಅವು ಮೈಯಿಂದ ಜಾರಿ ಗೋಣಿಚೀಲ, ನೆಲದ ಬಿರುಕು, ಕೊಟ್ಟಿಗೆಯ ಧೂಳನ್ನು ಸೇರುತ್ತವೆ. ಕೋಶಾವಸ್ಥೆಯಲ್ಲಿ ಚಿಗಟ ತಿಂಗಳುಗಟ್ಟಲೆ ಕಾದಿರಬಲ್ಲದು. ಆದ್ದರಿಂದ ನಾಯಿಗಷ್ಟೇ ಮದ್ದು ಮಾಡಿದರೆ ಸಾಲದು.

1. ಹಾಸನ್ನು ವಾರಕ್ಕೊಮ್ಮೆ ಬಿಸಿನೀರಿನಲ್ಲಿ ಒಗೆದು ಬಿಸಿಲಿಗೆ ಹಾಕಿರಿ. ಮಲಗುವ ಜಾಗವನ್ನು ದಿನವೂ ಗುಡಿಸಿರಿ.

2. ಮನೆಯ ಎಲ್ಲ ನಾಯಿ, ಬೆಕ್ಕುಗಳಿಗೂ ಒಟ್ಟಿಗೇ ಚಿಕಿತ್ಸೆ ಮಾಡಿಸಿರಿ. ಪಶುವೈದ್ಯರು ತೂಕ ನೋಡಿ ಹೇಳಿದ ಮದ್ದನ್ನೇ ಬಳಸಿರಿ. ನಾಯಿಯ ಮದ್ದನ್ನು ಬೆಕ್ಕಿಗೆ, ದನದ ಮದ್ದನ್ನು ನಾಯಿಗೆ ಅಂದಾಜಿನಲ್ಲಿ ಕೊಡಬಾರದು.

3. ಕ್ಲೋರ್‌ಪೈರಿಫಾಸ್ ಮೊದಲಾದ ಬೆಳೆಯ ಕೀಟನಾಶಕ, ಸೀಮೆಎಣ್ಣೆ, ಹಳೆಯ ಎಂಜಿನ್ ಆಯಿಲ್ ಹಚ್ಚಲೇಬಾರದು. ಅವು ಚರ್ಮದಿಂದಲೂ, ನಾಯಿ ಮೈ ನೆಕ್ಕುವುದರಿಂದಲೂ ಒಳಸೇರುತ್ತವೆ. ಹಿಂದೆ ಎರಚುತ್ತಿದ್ದ ಬಿ.ಎಚ್.ಸಿ. ಪುಡಿ 1997ರಲ್ಲೇ ನಿಷೇಧಗೊಂಡಿದೆ. ಕೀಟನಾಶಕ ತಗುಲಿ ಜೊಲ್ಲು, ನಡುಕ, ಏದುಸಿರು ಕಂಡುಬಂದರೆ, ಕೈಗವಸು ತೊಟ್ಟು ಸೋಪುನೀರಿನಿಂದ ಮೈ ತೊಳೆದು ಕೂಡಲೇ ಪಶುಚಿಕಿತ್ಸಾಲಯಕ್ಕೆ ಒಯ್ಯಿರಿ.

ಗಾಯದಲ್ಲಿ ಕೀವು ಅಥವಾ ಹುಳು ಕಂಡರೆ ತಡಮಾಡಬೇಡಿರಿ. ಚಿಕಿತ್ಸೆಯ ಬಳಿಕವೂ ಕೋಶಗಳಿಂದ ಕೆಲಕಾಲ ಹೊಸ ಚಿಗಟ ಹೊರಬರುತ್ತವೆ. ಕೂದಲು ಬೆಳೆಯಲೂ ಕೆಲವು ವಾರ ಬೇಕು. ಗುಣ ಕಾಣಲಿಲ್ಲವೆಂದು ಅವಸರದಿಂದ ಮದ್ದು ಬದಲಿಸದೆ, ಹೇಳಿದ ಅವಧಿ ಪೂರೈಸಿರಿ.