ಮನಶ್ಶಾಸ್ತ್ರಜ್ಞರನ್ನು ಅರಸುವ ಮುನ್ನ

ಮೈಗೆ ಜ್ವರ ಬಂದರೆ ಮೂರನೆಯ ದಿನಕ್ಕೇ ವೈದ್ಯರಲ್ಲಿಗೆ ಧಾವಿಸುವ ನಾವು, ಮನೆಮಗಳು ತಿಂಗಳುಗಟ್ಟಲೆ ನಿದ್ದೆಗೆಟ್ಟು ಮಂಕಾಗಿ ಕುಳಿತರೂ ‘ಹೊರಗೆ ತಿಳಿದರೆ ನಾಳೆ ಸಂಬಂಧ ಕೂಡಿಬರುವುದೆಂತು?’ ಎಂದು ಬಾಗಿಲು ಮುಚ್ಚುತ್ತೇವೆ. ನಿತ್ಯ ಇಷ್ಟಲಿಂಗಪೂಜೆ ಮಾಡುವವರಿಗೆ ಖಿನ್ನತೆ ಏಕೆ ಎಂದು ಆಕ್ಷೇಪಿಸುವವರೂ ಉಂಟು. ಪೂಜಾನಿಷ್ಠರಿಗೂ ಮಧುಮೇಹ ಬರುತ್ತದೆಯಷ್ಟೆ!

ಕೊನೆಗೆ ಧೈರ್ಯ ತಳೆದು ಹೊರಟವರಿಗೆ ಎದುರಾಗುವ ಪ್ರಶ್ನೆ, ಯಾರ ಬಳಿಗೆ ಹೋಗಬೇಕೆಂಬುದು. ಮನೋವೈದ್ಯರು ಎಂ.ಬಿ.ಬಿ.ಎಸ್. ಮುಗಿಸಿ ಮನೋವೈದ್ಯಶಾಸ್ತ್ರದಲ್ಲಿ ಉನ್ನತ ವ್ಯಾಸಂಗ ಮಾಡಿದವರು. ಔಷಧಿ ಬರೆಯುವವರು ಅವರು. ಚಿಕಿತ್ಸಾ ಮನಶ್ಶಾಸ್ತ್ರಜ್ಞರು ಮಾತ್ರೆ ಕೊಡುವುದಿಲ್ಲ. ಓದಿನಲ್ಲಿ ಹಿಂದುಳಿದ ಬಾಲಕನ ಕಲಿಕೆಯ ತೊಡಕನ್ನೂ ವೃದ್ಧರ ಮರೆವನ್ನೂ ಅವರು ನಿಯತ ಪರೀಕ್ಷೆಗಳಿಂದ ಅಳೆಯುತ್ತಾರೆ. ಮಾತುಕತೆಯ ಮೂಲಕ ಚಿಕಿತ್ಸೆ ನೀಡುತ್ತಾರೆ.

‘ಬರಿಯ ಮಾತಿಗೇಕೆ ಹಣ?’ ಎಂದು ಹಿರಿಯರು ಕೇಳುವುದುಂಟು. ಅದು ಬುದ್ಧಿವಾದವಲ್ಲ. ವಿದ್ಯಾರ್ಥಿನಿಲಯದ ಹುಡುಗನೊಬ್ಬನಿಗೆ ಪರೀಕ್ಷೆಯೆಂದರೆ ಕೈಕಾಲು ನಡುಗುತ್ತದೆ ಎಂದುಕೊಳ್ಳಿ. ‘ಹೆದರಬೇಡ’ ಎನ್ನುವವರು ನೂರು ಜನ. ಮನಶ್ಶಾಸ್ತ್ರಜ್ಞರಾದರೋ ಆ ಹೊತ್ತಿನಲ್ಲಿ ಅವನ ಮನಸ್ಸಿಗೆ ಬರುವ ಆಲೋಚನೆಯನ್ನು ಬರೆಯಿಸುತ್ತಾರೆ. ‘ಅನುತ್ತೀರ್ಣನಾದರೆ ಬಾಳೇ ಮುಗಿಯಿತು’ ಎಂಬುದು ಅದಾಗಿದ್ದರೆ, ಅದಕ್ಕೆ ಆಧಾರವೇನೆಂದು ಅವನೊಡನೆ ಕುಳಿತು ಪರಿಶೀಲಿಸುತ್ತಾರೆ. ಅಂಜುವ ಸಂದರ್ಭವನ್ನು ಮೆಟ್ಟಿಲು ಮೆಟ್ಟಿಲಾಗಿ ಎದುರಿಸುವ ಅಭ್ಯಾಸ ಕೊಡುತ್ತಾರೆ. ಮುಂದಿನ ವಾರ ಅದರ ಫಲವನ್ನು ವಿಚಾರಿಸುತ್ತಾರೆ. ಇದಕ್ಕೆ ಹಲವು ವಾರಗಳು ಬೇಕು.

ಇಲ್ಲದ ದನಿಗಳು ಕೇಳಿಸುತ್ತಿದ್ದರೆ, ಸಾಯುವ ಮಾತು ಬಾಯಿಗೆ ಬಂದಿದ್ದರೆ ಮೊದಲು ಮನೋವೈದ್ಯರನ್ನೇ ಕಾಣಬೇಕು. ಅವರನ್ನು ಒಂಟಿಯಾಗಿ ಬಿಡಬಾರದು. 14416 ಎಂಬ ಟೆಲಿ-ಮಾನಸ್ ಸಂಖ್ಯೆಗೆ ಹಗಲಿರುಳೂ ಉಚಿತವಾಗಿ ಕರೆಮಾಡಬಹುದು, ಕನ್ನಡದಲ್ಲಿಯೇ ಮಾತನಾಡಬಹುದು.

ಇನ್ನು ಅರ್ಹತೆಯ ಮಾತು. 1992ರ ಕಾಯಿದೆಯಂತೆ ಚಿಕಿತ್ಸಾ ಮನಶ್ಶಾಸ್ತ್ರಜ್ಞರು ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ನೋಂದಾಯಿತರಾಗಿರಬೇಕು. ಎರಡು ವರ್ಷಗಳ ಎಂ.ಫಿಲ್. ತರಬೇತಿ ಬಹುಕಾಲ ಇದರ ಹೆದ್ದಾರಿಯಾಗಿತ್ತು. ‘ಆಪ್ತಸಮಾಲೋಚಕ’ ಎಂಬ ಹೆಸರಿಗೆ ಅಂತಹ ಕಟ್ಟುನಿಟ್ಟಿಲ್ಲ. ಮನಶ್ಶಾಸ್ತ್ರದಲ್ಲಿ ಸ್ನಾತಕೋತ್ತರ ಪದವಿ ಪಡೆದ ಒಳ್ಳೆಯ ಸಮಾಲೋಚಕರಿದ್ದಾರೆ. ಕೆಲವೇ ವಾರಗಳ ತರಬೇತಿಯಿಂದ ಫಲಕ ತೂಗುಹಾಕಿದವರೂ ಇದ್ದಾರೆ. ಆದುದರಿಂದ ಪದವಿ ಯಾವುದು, ನೋಂದಣಿ ಸಂಖ್ಯೆ ಎಷ್ಟು ಎಂದು ಮೊದಲೇ ಕೇಳಿರಿ. ಕೇಳುವುದು ಅವಿನಯವಲ್ಲ, ಅರ್ಹರು ಇದಕ್ಕೆ ಮುನಿಯುವುದಿಲ್ಲ. ಯಾರನ್ನೂ ಅರಿಯದವರು ಬೆಂಗಳೂರಿನ ನಿಮ್ಹಾನ್ಸ್, ಧಾರವಾಡದ ಡಿಮ್ಹಾನ್ಸ್ ಅಥವಾ ತಮ್ಮ ಜಿಲ್ಲಾಸ್ಪತ್ರೆಯ ಮಾನಸಿಕ ಆರೋಗ್ಯ ವಿಭಾಗದಲ್ಲಿ ವಿಚಾರಿಸಬಹುದು.

ಹೇಳಿಕೊಂಡದ್ದು ಊರಿಗೆಲ್ಲ ತಿಳಿದೀತೆಂಬ ಅಂಜಿಕೆ ಸಹಜ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆ ಗೋಪ್ಯತೆಯನ್ನು ರೋಗಿಯ ಹಕ್ಕೆಂದೇ ಹೇಳಿದೆ. ಪ್ರಾಣಾಪಾಯದಂತಹ ಕೆಲವು ಸಂದರ್ಭಗಳಿಗೆ ಅಪವಾದವುಂಟು. ಮೊದಲ ಭೇಟಿಗೆ ಹಳೆಯ ಔಷಧಿ ಚೀಟಿಗಳನ್ನು ಒಯ್ಯಿರಿ. ಜೊತೆಗೆ ಹೋದ ಹಿರಿಯರು ಸ್ವಲ್ಪ ಹೊತ್ತು ಹೊರಗೆ ಕುಳಿತಿರಲು ಸಿದ್ಧರಿರಬೇಕು.